ಸರ್ಪಯಾಗದಲ್ಲಿ ತಕ್ಷಕ ಸಾಯಲಿಲ್ಲ

2001ನೆಯ ಇಸವಿಯ ಸೆಪ್ಟೆಂಬರ್ ತಿಂಗಳು. ನಮ್ಮ ಮಠದ ಶಿವಾನುಭವ ಗೋಷ್ಠಿಯಲ್ಲಿ ಆ ವಾರದ ಉಪನ್ಯಾಸ ನನ್ನ ಪಾಲಿಗೆ ಬಂದಿತ್ತು. ಮೊದಲೇ ನಿಶ್ಚಯವಾಗಿದ್ದ ವಿಷಯ ದಾಸೋಹ ತತ್ತ್ವ. ಆದರೆ 11ನೆಯ ತಾರೀಖಿನಂದು ನ್ಯೂಯಾರ್ಕ್ ನಗರದ ಎರಡು ಗಗನಚುಂಬಿ ಗೋಪುರಗಳು ವಿಮಾನಗಳ ಹೊಡೆತಕ್ಕೆ ಕುಸಿದು ಬಿದ್ದ ದೃಶ್ಯವನ್ನು ಜನರೆಲ್ಲ ದೂರದರ್ಶನದಲ್ಲಿ ಮತ್ತೆ ಮತ್ತೆ ಕಂಡಿದ್ದರು. ನಮ್ಮ ಭಕ್ತರ ಮನೆಗಳ ಕೆಲವು ಮಕ್ಕಳು ಆಗ ಅಮೇರಿಕೆಯಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದರು. ದೂರವಾಣಿಯ ಸಂಪರ್ಕ ಸಿಗದೆ ಎರಡು ದಿನ ಅನ್ನನೀರು ಬಿಟ್ಟಿದ್ದ ತಾಯಂದಿರು ಆ ಸಭೆಯಲ್ಲಿ ಕುಳಿತಿದ್ದರು. ಅಂಥವರ ಮುಂದೆ ಬೇರೆ ಮಾತೇಕೆಂದು ನಾನೂ ವಿಷಯವನ್ನು ಬದಲಿಸಿದೆ.

ಆಗ ನನಗೆ ನಲವತ್ತರ ಆಸುಪಾಸು. ಮಠದ ಸಂಸ್ಕೃತ ಪಾಠಶಾಲೆಯಲ್ಲಿ ಕಲಿತದ್ದೆಲ್ಲ ನಾಲಿಗೆಯ ತುದಿಯಲ್ಲಿತ್ತು. ಕಲಿತದ್ದನ್ನು ಕುರಿತು ಯೋಚಿಸುವ ವಯಸ್ಸು ಇನ್ನೂ ಬಂದಿರಲಿಲ್ಲ. ತಂದೆಯನ್ನು ಕಚ್ಚಿ ಕೊಂದ ಸರ್ಪದ ಕುಲವನ್ನೇ ನಾಶಮಾಡಲು ಜನಮೇಜಯ ರಾಜನು ಹೂಡಿದ ಯಾಗದ ಕಥೆಯನ್ನೆತ್ತಿಕೊಂಡೆ. ಒಂದೊಂದೇ ಹಾವನ್ನು ಹುಡುಕುತ್ತ ಕುಳಿತುಕೊಳ್ಳುವುದು ಅವಿವೇಕ, ಹುತ್ತಕ್ಕೇ ಬೆಂಕಿಯಿಡುವುದು ರಾಜಧರ್ಮ, ಅಮೇರಿಕೆಯ ಅಧ್ಯಕ್ಷನೂ ಅದನ್ನೇ ಮಾಡಬೇಕು ಎಂದು ಗುಡುಗಿದೆ. ಚಪ್ಪಾಳೆ ಬಿತ್ತು. ಶಿವಾನುಭವ ಗೋಷ್ಠಿಯಲ್ಲಿ ಚಪ್ಪಾಳೆ ತಟ್ಟುವ ರೂಢಿ ನಮ್ಮಲ್ಲಿಲ್ಲ. ಅಂದು ಬಿತ್ತು; ನನಗೆ ಹಿತವೂ ಆಯಿತು.

ಮಂಗಳವಾದ ಮೇಲೆ, ದಾಸೋಹದ ಮನೆಗೆ ರೊಟ್ಟಿ ಬಡಿಯುವ ಸೇವೆಗೆಂದು ಬರುತ್ತಿದ್ದ ಮುದುಕಿಯೊಬ್ಬರು ಹತ್ತಿರ ಬಂದು ಶರಣುಮಾಡಿದರು. ಅಕ್ಷರ ಕಲಿತವರಲ್ಲ, ಆದರೆ ಚಿಕ್ಕಂದಿನಿಂದ ಪುರಾಣ ಕೇಳುತ್ತ ಬಂದವರು.

"ಶಾಸ್ತ್ರಿಗಳ, ಆ ಯಾಗದಾಗ ತಕ್ಷಕ ಸತ್ತನೇನ್ರಿ?" ಎಂದರು.

"ಇಲ್ಲವ್ವಾ. ಆಸ್ತೀಕ ಬಂದು ಯಾಗ ನಿಲ್ಲಿಸಿದ. ತಕ್ಷಕ ಉಳಕೊಂಡ" ಎಂದೆ.

"ಅಂದ್ರ ಕಚ್ಚಿದ್ದು ಉಳೀತು. ಕಚ್ಚಲಾರದ್ದೆಲ್ಲ ಸುಟ್ಟು ಬೂದಿ ಆದ್ವು. ಹಂಗಿದ್ರ ಅದ್ಹೆಂಗ್ರಿ ಛಲೋ ಕೆಲಸ ಆತು?"

ನಾನು ಏನೋ ಹೇಳಿ ಜಾರಿಕೊಂಡೆ. ಅವರು ಈಗ ಇಲ್ಲ. ಲಿಂಗೈಕ್ಯರಾಗಿ ಹಲವು ವರ್ಷಗಳಾದವು. ಅಂದು ಕೊಡದೆ ಉಳಿದ ಉತ್ತರವನ್ನು ಈ ಲೇಖನದಲ್ಲಿ ಕೊಡಲು ಯತ್ನಿಸುತ್ತಿದ್ದೇನೆಂದು ಓದುಗರು ತಿಳಿಯಬಹುದು.

ಮಹಾಭಾರತದ ಆದಿಪರ್ವದಲ್ಲಿ ಬರುವ ಆ ಕಥೆಯನ್ನು ಮನೆಗೆ ಹೋಗಿ ಮತ್ತೊಮ್ಮೆ ಓದಿದೆ. ಮೊದಲು ತಪ್ಪಿದವನು ಪರೀಕ್ಷಿತ ರಾಜನೇ. ಮೌನವ್ರತದಲ್ಲಿದ್ದ ಶಮೀಕ ಋಷಿಯ ಕೊರಳಿಗೆ ಸತ್ತ ಹಾವನ್ನು ಹಾಕಿದ. ಋಷಿಯ ಮಗ ಶಪಿಸಿದ. ಶಾಪದಂತೆ ತಕ್ಷಕನು ಏಳನೆಯ ದಿನ ಕಚ್ಚಿದ. ಮಗನಾದ ಜನಮೇಜಯನಿಗೆ ಸಿಟ್ಟು ಬಂದುದು ಸಹಜ. ತಂದೆಯನ್ನು ಕಳೆದುಕೊಂಡವನಿಗೆ ಸಿಟ್ಟು ಬರಬಾರದೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ. ಆದರೆ ಅವನನ್ನು ಯಾಗಕ್ಕೆ ಪ್ರೇರೇಪಿಸಿದವನು ಉತ್ತಂಕ. ಆ ಉತ್ತಂಕನಿಗೆ ತಕ್ಷಕನ ಮೇಲೆ ತನ್ನದೇ ಆದ ಹಳೆಯ ಹಗೆಯಿತ್ತು. ಗುರುಪತ್ನಿಗೆಂದು ಒಯ್ಯುತ್ತಿದ್ದ ಕುಂಡಲಗಳನ್ನು ತಕ್ಷಕ ಕದ್ದಿದ್ದ. ಅಂದರೆ ರಾಜನ ದುಃಖದ ಬೆಂಕಿಗೆ ತುಪ್ಪ ಸುರಿದವನು ತನ್ನ ಸ್ವಂತ ಲೆಕ್ಕ ತೀರಿಸಿಕೊಳ್ಳಲು ಬಂದವನು! ಕುಂಡಕ್ಕೆ ಬಿದ್ದ ಹಾವುಗಳಲ್ಲಿ ಎಳೆಯವೂ ಇದ್ದವು, ಮುದಿಯವೂ ಇದ್ದವು. ತಕ್ಷಕನೋ, ಇಂದ್ರನ ಆಶ್ರಯದಲ್ಲಿ ಅಡಗಿದ್ದ. ಕೊನೆಗೆ ಯಾಗವನ್ನು ನಿಲ್ಲಿಸಿದ ಆಸ್ತೀಕನ ತಂದೆ ಋಷಿ, ತಾಯಿ ನಾಗಕುಲದವಳು. ಎರಡೂ ಕಡೆಯ ರಕ್ತವಿದ್ದವನಿಗೆ ಮಾತ್ರ ಆ ಬೆಂಕಿಯ ಮುಂದೆ ನಿಂತು ಸಾಕು ಎನ್ನಲು ಸಾಧ್ಯವಾಯಿತು.

ಇಷ್ಟನ್ನೂ ಗುರುಗಳು ನನಗೆ ಪಾಠ ಹೇಳಿದ್ದರು. ಚಪ್ಪಾಳೆಯ ಹೊತ್ತಿಗೆ ಅದರಲ್ಲಿ ಒಂದಕ್ಷರವೂ ನೆನಪಾಗಲಿಲ್ಲ.

ಅಮೇರಿಕೆಯಲ್ಲಿ ಆ ದಿನಗಳಲ್ಲಿ ನಡೆದುದೇನು? 11ನೆಯ ತಾರೀಖಿನ ದಾಳಿಯಲ್ಲಿ ಹತರಾದವರು, ದಾಳಿಕೋರರಾದ 19 ಜನರನ್ನು ಬಿಟ್ಟು, 2,977 ಜನ. ಅವರಲ್ಲಿ ನಾನಾ ದೇಶಗಳ, ನಾನಾ ಮತಗಳ ಜನರಿದ್ದರು, ಮುಸಲ್ಮಾನರೂ ಇದ್ದರು. ಮೂರೇ ದಿನಗಳಲ್ಲಿ, 14ರಂದು, ಈ ದಾಳಿಯ ಹೊಣೆಗಾರರ ವಿರುದ್ಧ ಸೇನಾಬಲವನ್ನು ಬಳಸಲು ಅಧ್ಯಕ್ಷರಿಗೆ ಅಧಿಕಾರ ಕೊಡುವ ನಿರ್ಣಯ ಅಲ್ಲಿಯ ಸಂಸತ್ತಿನ ಮುಂದೆ ಬಂತು. ಮೇಲ್ಮನೆಯಲ್ಲಿ 98 ಜನ ಪರ, ವಿರೋಧ ಒಂದೂ ಇಲ್ಲ. ಕೆಳಮನೆಯಲ್ಲಿ 420 ಜನ ಪರ, ವಿರೋಧ ಒಂದು. ಆ ಒಂದು ಮತವನ್ನು ಹಾಕಿದವರು ಕ್ಯಾಲಿಫೋರ್ನಿಯಾದ ಪ್ರತಿನಿಧಿಯಾಗಿದ್ದ ಬಾರ್ಬರಾ ಲೀ ಎಂಬ ಕಪ್ಪು ಮಹಿಳೆ. ಅಪರಾಧಿಗಳನ್ನು ಬಿಟ್ಟುಬಿಡಿರೆಂದು ಆಕೆ ಹೇಳಲಿಲ್ಲ. ಯಾರ ಮೇಲೆ, ಎಲ್ಲಿ, ಎಷ್ಟು ಕಾಲ ಎಂಬ ಎಲ್ಲೆಯಿಲ್ಲದ ಅಧಿಕಾರವನ್ನು ದುಃಖದ ಭರದಲ್ಲಿ ಕೊಡುವುದು ಬೇಡ. ನಾವು ಯಾವ ಕೆಡುಕನ್ನು ಖಂಡಿಸುತ್ತೇವೆಯೋ ಅದೇ ನಾವಾಗುವುದು ಬೇಡ ಎಂಬುದು ಅವರ ಮಾತಿನ ತಾತ್ಪರ್ಯ. ಅದಕ್ಕಾಗಿ ಆಕೆಗೆ ಕೊಲೆ ಬೆದರಿಕೆಗಳು ಬಂದವು, ಕಾವಲು ಹಾಕಬೇಕಾಯಿತು. ಆಗ ಕೊಟ್ಟ ಆ ಅಧಿಕಾರವು ಮುಂದೆ ಎರಡು ದಶಕಗಳ ಕಾಲ, ಒಂದಾದ ಮೇಲೊಂದು ದೇಶದಲ್ಲಿ ಬಳಕೆಯಾಗುತ್ತಲೇ ಹೋಯಿತು.

ಮರುದಿನ, ಅಂದರೆ 15ನೆಯ ತಾರೀಖು, ಅರಿಜೋನಾ ರಾಜ್ಯದ ಮೆಸಾ ಪಟ್ಟಣದಲ್ಲಿ ನಡೆದುದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಬಲಬೀರ್ ಸಿಂಗ್ ಸೋಢಿ ಎಂಬುವರು ಪಂಜಾಬದಿಂದ ಹೋಗಿ ನೆಲೆಸಿದ ಸಿಖ್ಖರು. ಅಲ್ಲಿ ಪೆಟ್ರೋಲ್ ಬಂಕ್ ಇಟ್ಟುಕೊಂಡಿದ್ದರು. ಆ ದಿನ ಅಂಗಡಿಯೊಂದಕ್ಕೆ ಸಾಮಾನು ತರಲು ಹೋದಾಗ, ದಾಳಿಯಲ್ಲಿ ನೊಂದವರ ನಿಧಿಗೆಂದು ಇಟ್ಟಿದ್ದ ಪೆಟ್ಟಿಗೆಗೆ ತಮ್ಮ ಕಿಸೆಯಲ್ಲಿದ್ದ 75 ಡಾಲರುಗಳನ್ನು ಹಾಕಿ ಬಂದರು. ಬಂದವರು ಬಂಕಿನ ಮುಂದೆ ಹೂವಿನ ಗಿಡ ನೆಡಿಸುವುದರಲ್ಲಿ ತೊಡಗಿದ್ದರು. ವಾಹನದಲ್ಲಿ ಬಂದ ಫ್ರಾಂಕ್ ರೋಕ್ ಎಂಬುವನು ಅವರ ತಲೆಯ ಮೇಲಿನ ಪೇಟವನ್ನೂ ಮುಖದ ಮೇಲಿನ ಗಡ್ಡವನ್ನೂ ನೋಡಿ ಗುಂಡು ಹಾರಿಸಿ ಕೊಂದ. ಅಲ್ಲಿಂದ ಹೋಗಿ ಲೆಬನಾನ್ ಮೂಲದ ಒಬ್ಬರ ಮೇಲೆ, ಆಮೇಲೆ ಅಫಘಾನ್ ಕುಟುಂಬವೊಂದಿದ್ದ ಮನೆಯ ಮೇಲೆ ಗುಂಡು ಹಾರಿಸಿದ, ಅವರು ಬದುಕಿಕೊಂಡರು. ಪೊಲೀಸರು ಹಿಡಿದಾಗ ತಾನು ದೇಶಭಕ್ತನೆಂದು ಕೂಗಿ ಹೇಳಿದ.

ಆ ಪೇಟದ ಅರ್ಥ ಅವನಿಗೆ ತಿಳಿಯದು. ಸಿಖ್ಖರ ಗುರುಗಳು ತಮ್ಮ ಶಿಷ್ಯರಿಗೆ ಕೇಶವನ್ನು ಕಾಯ್ದುಕೊಳ್ಳಲು ಹೇಳಿದ್ದೇ, ಅನ್ಯಾಯ ಕಂಡಲ್ಲಿ ಇವರು ಗುಂಪಿನಲ್ಲಿ ಮರೆಯಾಗದೆ ಎದ್ದು ಕಾಣಲಿ ಎಂದು ಅವರ ಹಿರಿಯರು ಹೇಳುತ್ತಾರೆ. ಯಾರು ಬೇಕಾದರೂ ಗುರುತಿಸಿ ಸಹಾಯ ಬೇಡಲೆಂದು ಧರಿಸಿದ ಲಾಂಛನ ಅದು. ಅದೇ ಕೊಲೆಗಾರನ ಗುರಿಯಾಯಿತು. ಒಂದು ಪಕ್ಷಕ್ಕೆ ಸೋಢಿಯವರು ಮುಸಲ್ಮಾನರೇ ಆಗಿದ್ದರೆ? ಆಗ ಆ ಗುಂಡು ಸರಿಯಾದ ಮನೆಗೆ ಬಂದಂತಾಗುತ್ತಿತ್ತೆ? ಆ ಕಾಲದಲ್ಲಿ ನಮ್ಮಲ್ಲಿ ಅನೇಕರು, "ಪಾಪ, ಅವನು ಮುಸಲ್ಮಾನನಲ್ಲ, ತಪ್ಪಾಗಿ ಕೊಂದರು" ಎಂದು ಮರುಗಿದರು. ನಾನೂ ಹಾಗೆಯೇ ಮರುಗಿದೆ. ಆ ಮರುಕದ ಹಿಂದೆ ಎಂಥ ವಿಷವಿತ್ತೆಂಬುದು ಹೊಳೆಯಲು ಬಹಳ ದಿನ ಬೇಕಾದವು. ಸೋಢಿಯವರ ಮನೆಯವರು ಮಾತ್ರ ಒಮ್ಮೆಯೂ ಹಾಗೆ ಹೇಳಿಕೊಳ್ಳಲಿಲ್ಲ. ನಾವು ಮುಸಲ್ಮಾನರಲ್ಲ, ಆದ್ದರಿಂದ ನಮ್ಮನ್ನು ಬಿಡಿ ಎಂಬ ದಾರಿಯನ್ನು ಅವರು ಹಿಡಿಯಲಿಲ್ಲ.

ಉಗ್ರಗಾಮಿಯು ಮಾಡುವುದಾದರೂ ಏನು? ತನಗಾದ ಅನ್ಯಾಯವೆಂದು ತಾನು ಭಾವಿಸಿದ್ದಕ್ಕೆ, ಅದನ್ನು ಮಾಡದ ಜನರನ್ನು, ಅವರು ಒಂದು ದೇಶದವರು ಅಥವಾ ಒಂದು ಮತದವರು ಎಂಬ ಏಕೈಕ ಕಾರಣಕ್ಕಾಗಿ ಕೊಲ್ಲುತ್ತಾನೆ. ಅವನ ತರ್ಕವೆಲ್ಲ ಅಷ್ಟೇ. ಅದೇ ತರ್ಕವನ್ನು ಕೈಗೆತ್ತಿಕೊಂಡು ಅವನನ್ನು ಸೋಲಿಸಿದೆವೆಂದುಕೊಳ್ಳುವವನು, ಅವನ ಶಿಷ್ಯತ್ವವನ್ನು ಸ್ವೀಕರಿಸಿದಂತಾಯಿತು.

ಅಮೇರಿಕೆಯ ಕೇಂದ್ರ ತನಿಖಾ ಸಂಸ್ಥೆಯ ಲೆಕ್ಕದಲ್ಲಿ 2000ನೆಯ ವರ್ಷ ಮುಸಲ್ಮಾನರ ವಿರುದ್ಧ ದ್ವೇಷದಿಂದ ನಡೆದ ಅಪರಾಧದ ಪ್ರಸಂಗಗಳು 28. ಮರುವರ್ಷ 481. ಇವು ಪೊಲೀಸರ ವರೆಗೆ ಹೋದವು ಮಾತ್ರ. ಆ ದೇಶದ ಅಧ್ಯಕ್ಷ ಬುಷ್ ಅವರು ದಾಳಿಯಾದ ಆರನೆಯ ದಿನವೇ ರಾಜಧಾನಿಯ ಮಸೀದಿಗೆ ಹೋಗಿ, ನಮ್ಮ ಮುಸಲ್ಮಾನ ಪ್ರಜೆಗಳನ್ನು ಗೌರವದಿಂದ ಕಾಣಬೇಕೆಂದು ಹೇಳಿದರೆಂಬುದನ್ನೂ ನ್ಯಾಯವಾಗಿ ಇಲ್ಲಿ ಹೇಳಲೇಬೇಕು. ಅವರ ಮಂತ್ರಿಮಂಡಲದಲ್ಲಿ ನಾರ್ಮನ್ ಮಿನೆಟಾ ಎಂಬ ಸಾರಿಗೆ ಮಂತ್ರಿಯಿದ್ದರು, ಜಪಾನೀ ಮೂಲದವರು. 1942ರಲ್ಲಿ, ಜಪಾನು ಪರ್ಲ್ ಹಾರ್ಬರಿನ ಮೇಲೆ ದಾಳಿ ಮಾಡಿದ ಮರುವರ್ಷ, ಆ ಮೂಲದ ಸುಮಾರು 1,20,000 ಜನರನ್ನು ಅವರದೇ ಸರಕಾರ ಮನೆಮಠ ಬಿಡಿಸಿ ಶಿಬಿರಗಳಲ್ಲಿ ಕೂಡಿಹಾಕಿತ್ತು. ಹತ್ತು ವರ್ಷದ ಬಾಲಕನಾಗಿದ್ದ ಮಿನೆಟಾ ರೈಲು ಹತ್ತುವಾಗ ಕೈಯಲ್ಲಿದ್ದ ಬೇಸ್‌ಬಾಲ್ ದಾಂಡನ್ನು ಸೈನಿಕರು ಆಯುಧವೆಂದು ಕಸಿದುಕೊಂಡರಂತೆ! 1988ರಲ್ಲಿ ಆ ದೇಶ ಕಾನೂನು ಮಾಡಿ ಕ್ಷಮೆ ಕೇಳಿತು. ಅದೇ ಬಾಲಕ 2001ರಲ್ಲಿ ಮಂತ್ರಿಯಾಗಿ, ವಿಮಾನ ನಿಲ್ದಾಣಗಳಲ್ಲಿ ಮೈಬಣ್ಣ, ಮತ ನೋಡಿ ಜನರನ್ನು ತಡೆಯುವ ಕ್ರಮ ಕೂಡದೆಂದು ಪಟ್ಟು ಹಿಡಿದರು. ಆಸ್ತೀಕನೆಂದರೆ ಇಂಥವರೇ ಇರಬೇಕು.

ಆದರೆ ಯಾಗ ನಿಲ್ಲಲಿಲ್ಲ. 2002ರಿಂದ, ಹೆಚ್ಚಾಗಿ ಮುಸಲ್ಮಾನ ದೇಶಗಳಿಂದ ಬಂದು ಅಲ್ಲಿದ್ದ ಗಂಡಸರು ಸರಕಾರಿ ಕಚೇರಿಗೆ ತಾವೇ ಹೋಗಿ ಬೆರಳಚ್ಚು ಕೊಟ್ಟು ಹೆಸರು ಬರೆಸಬೇಕೆಂಬ ನಿಯಮ ಬಂತು. 80,000ಕ್ಕೂ ಹೆಚ್ಚು ಜನ ಬರೆಸಿದರು. ಸಾವಿರಾರು ಜನರನ್ನು ಗಡೀಪಾರು ಮಾಡುವ ಕ್ರಮ ನಡೆಯಿತು. ಆ ಪಟ್ಟಿಯಿಂದ ಒಬ್ಬನೇ ಒಬ್ಬ ಭಯೋತ್ಪಾದಕನ ಅಪರಾಧವೂ ಸಿದ್ಧವಾಗಲಿಲ್ಲ. ಹೆಸರು ಬರೆಸಲು ಹೋದವರು ಕಾನೂನಿಗೆ ಅಂಜಿ ನಡೆಯುವವರು. ಅಂಜದವನು ಏಕೆ ಹೋದಾನು?

ಯುದ್ಧದ ಕಥೆ ಎಲ್ಲರಿಗೂ ತಿಳಿದುದೇ. 2001ರ ಅಕ್ಟೋಬರ್ 7ರಂದು ಅಫಘಾನಿಸ್ತಾನದ ಮೇಲೆ ಬಾಂಬು ಬೀಳತೊಡಗಿದವು. ದಾಳಿಯ ಸೂತ್ರಧಾರ ಬಿನ್ ಲಾಡೆನ್ ಡಿಸೆಂಬರಿನಲ್ಲಿ ತೋರಾ ಬೋರಾ ಬೆಟ್ಟಗಳಿಂದ ತಪ್ಪಿಸಿಕೊಂಡ. 2003ರಲ್ಲಿ, ಆ ದಾಳಿಗೆ ಸಂಬಂಧವೇ ಇಲ್ಲದಿದ್ದ ಇರಾಕಿನ ಮೇಲೂ ದಂಡೆತ್ತಿ ಹೋದರು. ಅಲ್ಲಿಯ ಉತ್ತಂಕರಾರೆಂಬುದನ್ನು ಚರಿತ್ರಕಾರರು ಬರೆಯುತ್ತಿದ್ದಾರೆ, ನಾನು ಬರೆಯಬೇಕಾಗಿಲ್ಲ. ಬಿನ್ ಲಾಡೆನ್ 2011ರ ಮೇ 2ರಂದು ಪಾಕಿಸ್ತಾನದ ಅಬೋಟಾಬಾದಿನ ಮನೆಯೊಂದರಲ್ಲಿ, ಕೆಲವೇ ಸೈನಿಕರ ಕೈಯಲ್ಲಿ ಸತ್ತ. ಅದಕ್ಕೆ ಬೇಕಾದದ್ದು ವರ್ಷಗಟ್ಟಲೆಯ ತಾಳ್ಮೆಯ ಶೋಧ. ಎರಡು ದೇಶಗಳನ್ನು ಸುಟ್ಟ ಬೆಂಕಿಯಲ್ಲ.

ಆ ಯುದ್ಧದ ಕೊನೆಯ ದಿನಗಳ ಒಂದು ಘಟನೆ ನನ್ನನ್ನು ಬಹಳ ಕಾಡಿದೆ. 2021ರ ಆಗಸ್ಟ್ ತಿಂಗಳು, ಅಮೇರಿಕೆಯ ಸೇನೆ ಕಾಬೂಲನ್ನು ಬಿಟ್ಟು ಹೊರಡುತ್ತಿತ್ತು. 26ರಂದು ವಿಮಾನ ನಿಲ್ದಾಣದ ದ್ವಾರದಲ್ಲಿ ಉಗ್ರಗಾಮಿಯೊಬ್ಬ ತನ್ನನ್ನು ಸ್ಫೋಟಿಸಿಕೊಂಡು 13 ಅಮೇರಿಕನ್ ಸೈನಿಕರನ್ನೂ ಬಹುಸಂಖ್ಯೆಯ ಅಫಘಾನರನ್ನೂ ಕೊಂದ. 29ರಂದು, ಮತ್ತೊಂದು ದಾಳಿಗೆ ಹೊರಟಿದ್ದವನೆಂದು ಭಾವಿಸಿ, ಬಿಳಿಯ ಕಾರೊಂದನ್ನು ದಿನವಿಡೀ ಆಕಾಶದಿಂದ ನೋಡುತ್ತಿದ್ದು, ಅದು ಮನೆಯ ಅಂಗಳಕ್ಕೆ ಬಂದಾಗ ಕ್ಷಿಪಣಿಯಿಂದ ಹೊಡೆದರು. ಸತ್ತವರು ಹತ್ತು ಜನ. ಅವರಲ್ಲಿ ಏಳು ಮಕ್ಕಳು. ಕಾರಿನವನು ಅಮೇರಿಕೆಯದೇ ಒಂದು ಧರ್ಮಾರ್ಥ ಸಂಸ್ಥೆಯ ನೌಕರ. ಕಾರಿನಲ್ಲಿದ್ದುದು ಮನೆಗೆ ಒಯ್ಯುತ್ತಿದ್ದ ನೀರಿನ ಡಬ್ಬಿಗಳು ಎಂಬುದನ್ನು ಪತ್ರಿಕೆಯವರು ಶೋಧಿಸಿ ತೋರಿಸಿದರು. ಮೊದಲು ಇದು ಧರ್ಮಸಮ್ಮತವಾದ ಹೊಡೆತವೆಂದು ಸಮರ್ಥಿಸಿದ್ದ ಸೇನೆಯು ಮೂರು ವಾರಗಳೊಳಗೆ ತಪ್ಪೊಪ್ಪಿಕೊಂಡಿತು. ಯಾರಿಗೂ ಶಿಕ್ಷೆಯಾಗಲಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ಮೆಸಾದಲ್ಲಿ ಪೇಟವನ್ನು ಕಂಡು ಹಾರಿಸಿದ ಗುಂಡಿಗೂ ಕಾಬೂಲಿನಲ್ಲಿ ನೀರಿನ ಡಬ್ಬಿ ಕಂಡು ಹಾರಿಸಿದ ಕ್ಷಿಪಣಿಗೂ ಇರುವ ಅಂತರವೆಷ್ಟು? ಒಬ್ಬನದು ದ್ವೇಷ, ಇನ್ನೊಬ್ಬರದು ಭಯ ಮತ್ತು ಅವಸರ. ಈ ಭೇದ ಸಣ್ಣದಲ್ಲ, ಒಪ್ಪುತ್ತೇನೆ. ಆದರೆ ಇಬ್ಬರೂ ನೋಡಿದ್ದು ಹೋಲಿಕೆಯನ್ನು, ಮನುಷ್ಯನನ್ನಲ್ಲ.

ಹಾಗಾದರೆ ರಾಜ್ಯವು ಕೈಕಟ್ಟಿ ಕುಳಿತಿರಬೇಕೆ ಎಂದು ಯುವಕರು ಕೇಳುತ್ತಾರೆ. ಖಂಡಿತ ಇಲ್ಲ. ದುಷ್ಟನನ್ನು ದಂಡಿಸದ ಅರಸನು ದುಷ್ಟನ ಪಾಪದಲ್ಲಿ ಪಾಲುಗಾರ ಎಂಬುದು ನಮ್ಮ ನೀತಿಶಾಸ್ತ್ರಗಳ ಮತ. ದಂಡವೆಂಬುದು ತಪ್ಪು ಮಾಡಿದವನ ಕೈಯನ್ನು ಹುಡುಕಿ ಹಿಡಿಯುತ್ತದೆ. ಸೇಡಿಗೆ ಯಾರ ಕೈಯಾದರೂ ಸರಿ.

ನಮ್ಮ ಮುಂಬಯಿಯಲ್ಲಿ 2008ರ ನವೆಂಬರ್ 26ರಿಂದ ಮೂರು ದಿನ ನಡೆದ ದಾಳಿಯಲ್ಲಿ 166 ಜನ ಸತ್ತರು. ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ತಾಜ್ ಹೊಟೇಲಿನಲ್ಲಿ ವೀರಮರಣವನ್ನಪ್ಪಿದರು. ಜೀವಸಹಿತ ಸಿಕ್ಕಿದ ಒಬ್ಬನೇ ಉಗ್ರಗಾಮಿ ಕಸಬ್. ಅವನಿಗೆ ವಕೀಲರನ್ನು ಕೊಟ್ಟು ವಿಚಾರಣೆ ಮಾಡಿದರೆಂದು ಎಷ್ಟು ಜನ ಹಲ್ಲು ಕಡಿದರು! ಬಿರಿಯಾನಿಯ ಕಥೆಗಳು ಹಬ್ಬಿದವು. ಆದರೆ ಅದೇ ವಿಚಾರಣೆಯಲ್ಲಿ, ಅವನಿಗೆ ನೆರವಾದರೆಂದು ಆರೋಪ ಹೊತ್ತಿದ್ದ ಇಬ್ಬರು ಭಾರತೀಯ ಮುಸಲ್ಮಾನರು ನಿರ್ದೋಷಿಗಳೆಂದು 2010ರಲ್ಲಿ ವಿಶೇಷ ನ್ಯಾಯಾಲಯ ಬಿಡುಗಡೆ ಮಾಡಿತು. ಮೇಲಿನ ನ್ಯಾಯಾಲಯಗಳೂ ಅದನ್ನೇ ಎತ್ತಿಹಿಡಿದವು. ಕಸಬನನ್ನು 2012ರ ನವೆಂಬರ್ 21ರಂದು ಗಲ್ಲಿಗೇರಿಸಿದರು. ದೇಶದ ಸಿಟ್ಟು ಇನ್ನೂ ಆರದಿದ್ದಾಗ, ಇವನು ಕಚ್ಚಿದವನು, ಇವರಿಬ್ಬರು ಕಚ್ಚಿದವರೆಂದು ಸಿದ್ಧವಾಗಿಲ್ಲ ಎಂದು ಬಿಡಿಸಿ ಹೇಳಿದ ಆ ತೀರ್ಪನ್ನು ನಾನು ಯಾವ ಯುದ್ಧವಿಜಯಕ್ಕಿಂತಲೂ ದೊಡ್ಡದೆಂದು ಎಣಿಸುತ್ತೇನೆ. ಹತರಾದ ಒಂಬತ್ತು ದಾಳಿಕೋರರನ್ನು ತಮ್ಮ ಸ್ಮಶಾನದಲ್ಲಿ ಹೂಳಗೊಡುವುದಿಲ್ಲವೆಂದು ಮುಂಬಯಿಯ ಮುಸಲ್ಮಾನರೇ ಹೇಳಿದ್ದನ್ನು ಎಷ್ಟು ಜನ ನೆನಪಿಟ್ಟುಕೊಂಡಿದ್ದಾರೋ ತಿಳಿಯದು.

ನಮ್ಮ ನೆಲದ ಇನ್ನೊಂದು ಮುಖವನ್ನು ಮುಚ್ಚಿಡುವುದು ಸರಿಯಲ್ಲ. 1984ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರನ್ನು ಇಬ್ಬರು ಅಂಗರಕ್ಷಕರು ಕೊಂದರು. ಸರಕಾರದ ಲೆಕ್ಕದಂತೆ ದಿಲ್ಲಿಯೊಂದರಲ್ಲೇ 2,733 ಸಿಖ್ಖರನ್ನು ಜನ ಕೊಂದರು. ಅದು ದೂರದ ದಿಲ್ಲಿಯೆನ್ನಬೇಡಿ. ನಾಲ್ಕು ವರ್ಷಗಳ ನಂತರ, 1988ರಲ್ಲಿ, ನಮ್ಮ ಬೀದರಿನಲ್ಲಿ, ಗುರು ನಾನಕರು ಬಂದು ಹೋದರೆನ್ನುವ ಸಿಹಿನೀರಿನ ಝರಿಯಿರುವ ಊರಿನಲ್ಲಿ, ಓದಲು ಬಂದಿದ್ದ ಸಿಖ್ ಹುಡುಗರು ಗಲಭೆಯಲ್ಲಿ ಪ್ರಾಣ ಕಳೆದುಕೊಂಡರು. ಬಸವಕಲ್ಯಾಣಕ್ಕೂ ಬೀದರಿಗೂ ದೂರವೆಷ್ಟು?

ಕಲ್ಯಾಣದ ಹೆಸರು ಬಂದ ಮೇಲೆ ನಮ್ಮ ಮನೆಯ ಮಾತನ್ನೂ ಹೇಳಬೇಕು. ಹರಳಯ್ಯ ಮಧುವರಸರಿಗೆ ಎಳೆಹೂಟೆಯ ಶಿಕ್ಷೆಯಾದ ಮೇಲೆ, ಜಗದೇವನೂ ಅವನ ಸಂಗಡಿಗರೂ ಬಿಜ್ಜಳನನ್ನು ಕೊಂದರೆಂದು ನಮ್ಮ ಪುರಾಣಗಳು ಹೇಳುತ್ತವೆ. ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದೆ, ಅದಿರಲಿ. ಕೊಂದವರು ಕೆಲವರು. ಆದರೆ ಅರಸನ ಸೈನ್ಯ ಬೆನ್ನಟ್ಟಿದ್ದು ಕೊರಳಲ್ಲಿ ಲಿಂಗವಿದ್ದವರನ್ನೆಲ್ಲ. ಮಡಿವಾಳರು, ಕಾಯಕದ ಹೆಂಗಸರು, ವಚನದ ಕಟ್ಟುಗಳನ್ನು ಹೊತ್ತ ಮುದುಕರು ಉಳವಿಯ ಕಾಡಿನ ದಾರಿ ಹಿಡಿದದ್ದು ತಾವು ಮಾಡಿದ ಯಾವ ತಪ್ಪಿಗಾಗಿಯೂ ಅಲ್ಲ, ಎದೆಯ ಮೇಲಿದ್ದ ಗುರುತಿಗಾಗಿ. ಪ್ರತಿವರ್ಷ ಚಕ್ಕಡಿ ಕಟ್ಟಿಕೊಂಡು ಉಳವಿಯ ಜಾತ್ರೆಗೆ ಹೋಗುವ ನಾವು ಯಾರ ಮಕ್ಕಳೆಂಬುದನ್ನು ಮರೆತು, ಇನ್ನೊಬ್ಬರ ಮೈಮೇಲಿನ ಗುರುತನ್ನು ಹುಡುಕುವುದು ಹೇಗೆ?

ಸೋಢಿಯವರ ವಿಷಯಕ್ಕೆ ಮತ್ತೆ ಬರುತ್ತೇನೆ, ಏಕೆಂದರೆ ಅದು ಕೊಲೆಯಲ್ಲಿ ಮುಗಿಯಲಿಲ್ಲ. ರೋಕನಿಗೆ ಮೊದಲು ಮರಣದಂಡನೆಯಾಯಿತು. 2006ರಲ್ಲಿ ಅದು ಜೀವಾವಧಿಗೆ ಇಳಿಯಿತು. ದಾಳಿಯ ನೆನಪಿಗೆಂದು ಅರಿಜೋನಾದಲ್ಲಿ ಕಟ್ಟಿದ ಸ್ಮಾರಕದ ಮೇಲೆ ಸೋಢಿಯವರ ಹೆಸರೂ ಇತ್ತು. 2011ರಲ್ಲಿ ಅದನ್ನು ತೆಗೆದುಹಾಕಲು ವಿಧಾನಮಂಡಲವು ಮಸೂದೆಯನ್ನೇ ಒಪ್ಪಿತು. ರಾಜ್ಯಪಾಲೆ ಅದನ್ನು ತಿರಸ್ಕರಿಸಿದ್ದರಿಂದ ಹೆಸರು ಉಳಿಯಿತು. 2016ರಲ್ಲಿ, ಹದಿನೈದು ವರ್ಷ ಕಳೆದ ಮೇಲೆ, ಸೋಢಿಯವರ ತಮ್ಮ ರಾಣಾ ಅವರು ಸೆರೆಮನೆಯಲ್ಲಿದ್ದ ರೋಕನೊಡನೆ ದೂರವಾಣಿಯಲ್ಲಿ ಮಾತನಾಡಿದರು. ಅವನು ಮೊದಮೊದಲು ಸುತ್ತುಬಳಸಿ ಮಾತನಾಡಿ, ಆಮೇಲೆ ಕ್ಷಮೆ ಕೇಳಿದ. ತಾವು ಎಂದೋ ಕ್ಷಮಿಸಿದ್ದಾಗಿ ರಾಣಾ ಹೇಳಿದರು.

ಟೆಕ್ಸಾಸಿನ ಡಲ್ಲಾಸಿನಲ್ಲಿಯೂ ಅಂಥದೇ ಒಂದು ಪ್ರಸಂಗ. ಮಾರ್ಕ್ ಸ್ಟ್ರೋಮನ್ ಎಂಬುವನು ಆ ದಿನಗಳಲ್ಲಿ ಪಾಕಿಸ್ತಾನ ಮೂಲದ ಒಬ್ಬರನ್ನೂ ಭಾರತ ಮೂಲದ ಒಬ್ಬ ಹಿಂದೂವನ್ನೂ ಕೊಂದ. ಬಾಂಗ್ಲಾದೇಶದ ರಯೀಸ್ ಭುಯಿಯಾನ್ ಎಂಬ ಯುವಕನನ್ನು ಯಾವ ದೇಶದವನೆಂದು ಕೇಳಿ ಮುಖಕ್ಕೆ ಗುಂಡು ಹೊಡೆದ. ಆ ಯುವಕ ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡು ಬದುಕಿದ. ಬದುಕಿದವನು ಮಾಡಿದ್ದೇನು? ತನ್ನನ್ನು ಹೊಡೆದವನಿಗೆ ಮರಣದಂಡನೆ ಬೇಡವೆಂದು ನ್ಯಾಯಾಲಯದ ಮೆಟ್ಟಿಲು ಹತ್ತಿದ! ಅದು ಫಲಿಸಲಿಲ್ಲ, 2011ರ ಜುಲೈ 20ರಂದು ಸ್ಟ್ರೋಮನ್‌ನ ಪ್ರಾಣ ತೆಗೆದರು. ಭುಯಿಯಾನ್ ಶ್ರದ್ಧಾವಂತ ಮುಸಲ್ಮಾನ. ಕ್ಷಮಿಸುವುದನ್ನು ತನ್ನ ಧರ್ಮವೇ ಕಲಿಸಿತೆಂದು ಹೇಳಿಕೊಂಡ.

ಇಷ್ಟೆಲ್ಲ ಪರದೇಶದ ಕಥೆ ಈಗೇಕೆಂದರೆ, 2025ರ ಏಪ್ರಿಲ್ 22ರಂದು ಕಾಶ್ಮೀರದ ಪಹಲ್‌ಗಾಮಿನಲ್ಲಿ ಉಗ್ರಗಾಮಿಗಳು 26 ಜನರನ್ನು ಕೊಂದರು. ಹೆಂಡಿರು ಮಕ್ಕಳ ಎದುರಿಗೇ, ಮತವನ್ನು ಕೇಳಿ ಗುಂಡು ಹಾರಿಸಿದರೆಂದು ಬದುಕಿ ಬಂದವರು ಹೇಳಿದರು. ಸತ್ತವರಲ್ಲಿ ಕನ್ನಡಿಗರೂ ಇದ್ದರು. ಪ್ರವಾಸಿಗರನ್ನು ಕಾಪಾಡಲು ಮುಂದಾದ ಕುದುರೆಯಾಳು, ಅಲ್ಲಿಯ ಮುಸಲ್ಮಾನನೇ, ಅವನೂ ಸತ್ತ. ಮೇ 7ರಂದು ನಮ್ಮ ಸೇನೆ ಗಡಿಯಾಚೆಯ ಒಂಬತ್ತು ಉಗ್ರರ ನೆಲೆಗಳ ಮೇಲೆ ಹೊಡೆಯಿತು. ಮುಂದಿನ ದಿನಗಳ ಶೆಲ್ ದಾಳಿಯಲ್ಲಿ ನಮ್ಮ ಗಡಿಯ ಪೂಂಛದಲ್ಲಿ ಸಾಮಾನ್ಯ ಜನ ಪ್ರಾಣ ತೆತ್ತರು. 10ರಂದು ಕಾಳಗ ನಿಂತಿತು. ಪಹಲ್‌ಗಾಮಿನಲ್ಲಿ ಗುಂಡು ಹಾರಿಸಿದವರೇ ಆದ ಮೂವರನ್ನು ಜುಲೈ 28ರಂದು ಶ್ರೀನಗರದ ಬಳಿಯ ಕಾಡಿನಲ್ಲಿ ಕೊಲ್ಲಲಾಯಿತೆಂದು ಗೃಹಮಂತ್ರಿಗಳು ಲೋಕಸಭೆಗೆ ತಿಳಿಸಿದರು. ಮೂರು ತಿಂಗಳು ಹುಡುಕಿದ್ದಾರೆ. ಆ ಮುದುಕಿ ಇದ್ದಿದ್ದರೆ, "ಹಾಂ, ಇದು ಕಚ್ಚಿದ ಹಾವು" ಎನ್ನುತ್ತಿದ್ದರೋ ಏನೋ.

ಆದರೆ ಈ ನಡುವೆ ಹಲವು ಊರುಗಳಲ್ಲಿ ಓದುತ್ತಿದ್ದ ಕಾಶ್ಮೀರದ ಹುಡುಗರಿಗೆ ಹೊಡೆತ, ಬೆದರಿಕೆಗಳಾದವು. ಮದುವೆಯಾದ ಆರನೆಯ ದಿನ ನೌಕಾಪಡೆಯ ಅಧಿಕಾರಿಯಾದ ಪತಿಯನ್ನು ಕಳೆದುಕೊಂಡ ಹೆಣ್ಣುಮಗಳು, ಮುಸಲ್ಮಾನರ ಮೇಲೆ, ಕಾಶ್ಮೀರಿಗಳ ಮೇಲೆ ಯಾರೂ ಹಗೆ ಸಾಧಿಸಬೇಡಿ, ನಮಗೆ ನ್ಯಾಯ ಬೇಕು, ತಪ್ಪು ಮಾಡಿದವರಿಗೆ ಶಿಕ್ಷೆಯಾಗಬೇಕು ಎಂದಳು. ಅಷ್ಟಕ್ಕೇ ಆಕೆಯನ್ನು ಕೆಟ್ಟ ಮಾತುಗಳಲ್ಲಿ ನಿಂದಿಸಿದರು. ಶವದ ಪಕ್ಕದಲ್ಲಿ ಕುಳಿತಿದ್ದ ಆಕೆಯ ಚಿತ್ರವನ್ನು ನಮ್ಮಲ್ಲೂ ಎಷ್ಟೋ ಜನ ಕಣ್ಣೀರಿಟ್ಟು ಒಬ್ಬರಿಗೊಬ್ಬರು ಕಳಿಸಿಕೊಂಡಿದ್ದೆವು. ಅವಳ ಮಾತನ್ನು ಮಾತ್ರ ಯಾರೂ ಕಳಿಸಲಿಲ್ಲ.

ನಮ್ಮ ಊರಿಗೆ ಪ್ರತಿ ಚಳಿಗಾಲ ಶಾಲು ಮಾರಲು ಒಬ್ಬ ಕಾಶ್ಮೀರಿ ಬರುತ್ತಾನೆ. ಹತ್ತು ಹನ್ನೆರಡು ವರ್ಷಗಳ ರೂಢಿ. ಸೈಕಲ್ಲನ್ನು ಮಠದ ಮಹಾದ್ವಾರದ ಒಳಗೆ ನಿಲ್ಲಿಸಿ, ಬಾವಿಕಟ್ಟೆಯಲ್ಲಿ ಕೈಕಾಲು ತೊಳೆದು, ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿ ಹೋಗುವವನು. ಕಳೆದ ಚಳಿಗಾಲ ಬಂದಾಗ ಸೈಕಲ್ಲನ್ನು ಹೊರಗಿನ ಬೇವಿನ ಮರಕ್ಕೆ ಆನಿಸಿ ಅಲ್ಲಿಯೇ ನಿಂತಿದ್ದ. ಅವನನ್ನು ಕಂಡೂ ಒಂದು ಗಳಿಗೆ ನಾನು ಸುಮ್ಮನಿದ್ದೆನೆಂಬುದನ್ನು ಬರೆಯದೆ ಬಿಡಲಾರೆ. ದಾಸೋಹದ ಅಡಿಗೆಯವನೇ, "ಯಾಕ್ ಭಾಯಿ, ಹೊರಗ ನಿಂತಿ? ಬಾ, ಪಂಕ್ತಿ ಕುಂತೈತಿ" ಎಂದು ಕರೆದ.

ಊಟವಾದ ಮೇಲೆ ಮಕ್ಕಳ ಕ್ಷೇಮ ವಿಚಾರಿಸಿದೆ. ಹಿರಿಯ ಮಗ ಹೊರರಾಜ್ಯದ ಕಾಲೇಜಿನಲ್ಲಿ ಓದುತ್ತಿದ್ದವನು ಏಪ್ರಿಲ್ ಕೊನೆಯ ವಾರ ಊರಿಗೆ ಹೊರಟು ಬಂದವನು ಮರಳಿ ಹೋಗಿಲ್ಲವಂತೆ. ಪರೀಕ್ಷೆ ಬರೆದಿಲ್ಲವಂತೆ.